ರಿವಾಯತ್ ಪದಗಳು: ವಿಶ್ವಾಸ ಮತ್ತು ವಿವೇಚನೆಯ ಎಲ್ಲೆ

ರೋಣ, ನರಗುಂದ, ಗಜೇಂದ್ರಗಡ ಪರಿಸರವನ್ನು ಒಳಗೊಂಡ ಉತ್ತರ ಕರ್ನಾಟಕದಲ್ಲಿ ಮೊಹರಂ ಸಂದರ್ಭದಲ್ಲಿ ಅಲಾಯಿ ದೇವರ ಮುಂದೆ ಹಾಡುವ ಕರ್ಬಲಾ ಕಥನಗಳಿಗೆ ರಿವಾಯತ್ ಪದಗಳೆಂದು ಹೆಸರು. ಹಾಡುವವರಲ್ಲಿ ಹಿಂದೂಗಳೂ ಇರುವುದರಿಂದ ಕನ್ನಡ ವಿಮರ್ಶೆ ಇವನ್ನು ಬಹುಮಟ್ಟಿಗೆ ಸೌಹಾರ್ದದ ನಿದರ್ಶನವಾಗಿಯೇ ಕಂಡಿದೆ. ಈ ಓದು ಸರಿಯಾದರೂ ಸಾಲದು. ಪದಗಳು ಎತ್ತುವ ತಾತ್ವಿಕ ಪ್ರಶ್ನೆ ಅದರಲ್ಲಿ ಮರೆಯಾಗುತ್ತದೆ.

ಪ್ರಶ್ನೆಯ ಬೀಜ ಹೆಸರಿನಲ್ಲೇ ಇದೆ. ಅರಬ್ಬಿಯ 'ರಿವಾಯಾ' ಎಂದರೆ ಕೇಳಿದ್ದನ್ನು ಮುಂದಿನವರಿಗೆ ತಲುಪಿಸುವುದು. ಹದೀಸ್ ವಿದ್ವಾಂಸರು ಹೇಳಿದವರ ಪರಂಪರೆಯನ್ನು ಪರೀಕ್ಷಿಸಿದ ಬಳಿಕವೇ ವರದಿಯನ್ನು ಒಪ್ಪುತ್ತಿದ್ದರು. ಇಬ್ನ್ ಖಲ್ದೂನ್ (1332–1406) ಇನ್ನೂ ಮುಂದೆ ಹೋಗಿ, ವರದಿಯು ಲೋಕಸ್ವಭಾವಕ್ಕೆ ಹೊಂದುವುದೇ ಎಂದು ವಿಚಾರಿಸಬೇಕೆಂದನು. ಆದರೆ ಬುದ್ಧಿಯನ್ನು ಚಿನ್ನ ತೂಗುವ ತಕ್ಕಡಿಗೆ ಹೋಲಿಸಿದವನೂ ಅವನೇ: ತಕ್ಕಡಿ ನಂಬಲರ್ಹ, ಆದರೂ ಅದರಲ್ಲಿ ಬೆಟ್ಟವನ್ನು ತೂಗಲಾಗದು. ಪರಲೋಕ, ದೈವಗುಣಗಳಂಥ ವಿಷಯಗಳು ಅವನಿಗೆ ಆ ಬೆಟ್ಟ.

ಈ ವಿವೇಕವನ್ನು ಕರ್ಬಲಾ ಪದಗಳಿಗೆ ಅನ್ವಯಿಸಿದರೆ ಎರಡು ನೆಲೆಗಳು ಸ್ಪಷ್ಟವಾಗುತ್ತವೆ. ಇಮಾಮ್ ಹುಸೇನರು ಹುತಾತ್ಮರಾದದ್ದು 680ರಲ್ಲಿ. ಹಿರಿಯ ಸೋದರ ಹಸನರು ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು. ಜನಪದ ಕಲ್ಪನೆ ಇಬ್ಬರನ್ನೂ ಜೋಡಿಯಾಗಿಯೇ ಸ್ಮರಿಸುತ್ತದೆ. ಕರ್ಬಲಾ ಕಥನಗಳಲ್ಲಿ ಪ್ರಸಿದ್ಧವಾದ ಕಾಸಿಮನ ಮದುವೆಯ ಪ್ರಸಂಗ ಆರಂಭಿಕ ಇತಿಹಾಸಗಳಲ್ಲಿ ಕಾಣದು. ಅದಕ್ಕೆ ಪ್ರಚಾರ ದೊರೆತದ್ದು 16ನೆಯ ಶತಮಾನದ ಆರಂಭದ ಪರ್ಶಿಯನ್ ಕೃತಿ 'ರೌಜತ್-ಉಷ್-ಶುಹದಾ'ದಿಂದ. ಇವು ತಕ್ಕಡಿಯ ವ್ಯಾಪ್ತಿಯೊಳಗಿನ ಸಂಗತಿಗಳು. ಭಕ್ತಿಯ ಹೆಸರಿನಲ್ಲಿ ಇವುಗಳ ಪರೀಕ್ಷೆಯನ್ನು ತಡೆಯುವುದು ಇಸ್ಲಾಮೀ ಜ್ಞಾನಪರಂಪರೆಗೇ ಹೊರತಾದ ನಡೆ.

ಆದರೆ ನ್ಯಾಯಕ್ಕಾಗಿ ಸತ್ತವನಿಗಾಗಿ ಶತಮಾನಗಳ ಬಳಿಕವೂ ಊರು ಅಳುವುದರ ಅರ್ಥವನ್ನು ಕಾಲಗಣನೆ ಹೇಳಲಾರದು. ಮದುವೆಯ ಹಂದರವೇ ಸಾವಿನ ನೆಲವಾಗುವ ಚಿತ್ರ ಇತಿಹಾಸವಾಗಿ ನಿಲ್ಲದಿದ್ದರೂ ಶೋಕದ ಸತ್ಯವಾಗಿ ನಿಲ್ಲುತ್ತದೆ. ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರು (1819–1889) ಮೊಹರಂ ಕುರಿತೂ ಪದ ಕಟ್ಟಿದ್ದನ್ನು ಈ ನೆಲೆಯಲ್ಲಿ ನೋಡುವುದು ಉಚಿತ.

ಹೀಗಾಗಿ ಪದಗಳನ್ನು ಸುಳ್ಳು ಇತಿಹಾಸವೆಂದು ತಳ್ಳುವವರೂ, ನಂಬಿಕೆಯೆಂದು ವಿಚಾರಣೆಯಿಂದ ಹೊರಗಿಡುವವರೂ ಒಂದೇ ದೋಷಕ್ಕೆ ಒಳಗಾಗುತ್ತಾರೆ: ಇಬ್ಬರೂ ಎರಡು ನೆಲೆಗಳನ್ನು ಬೆರೆಸುತ್ತಾರೆ. ಸಂಗ್ರಾಹಕರು ಪ್ರತಿ ಪಾಠದೊಂದಿಗೆ ಊರು, ಮೇಳ ಮತ್ತು ಕಲಿಸಿದ ಗುರುಪರಂಪರೆಯನ್ನು ದಾಖಲಿಸಿದಲ್ಲಿ 'ರಿವಾಯತ್' ಎಂಬ ಮಾತಿನ ಮೂಲ ಶಿಸ್ತಿಗೂ ನ್ಯಾಯ ಸಲ್ಲುತ್ತದೆ.