ಗಂಜಿನ ಒಡನಾಟ, ಗೆಳೆತನದ ಮಿತಿ

ಬೇರೆ ಬೇರೆ ಜಾತಿ, ಧರ್ಮ, ಭಾಷೆಯವರು ಒಡನಾಡಿದರೆ ಪರಸ್ಪರ ಪೂರ್ವಗ್ರಹ ಕರಗುತ್ತದೆ ಎಂಬ ವಾದವನ್ನು ಶಾಸ್ತ್ರೀಯವಾಗಿ ಮಂಡಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್. 1954ರಲ್ಲಿ ಅವರು ಅದಕ್ಕೆ ನಾಲ್ಕು ಷರತ್ತು ಹಾಕಿದರು: ಸಮಾನ ಸ್ಥಾನ, ಒಂದೇ ಗುರಿ, ಸಹಕಾರ, ಕಾನೂನು ಅಥವಾ ಸಂಸ್ಥೆಯ ಬೆಂಬಲ. ಈ ವಾದವನ್ನು ಒರೆಗೆ ಹಚ್ಚಲು ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜ್ ತಕ್ಕ ಜಾಗ.

ತೊಗರಿ ಹಂಗಾಮಿನಲ್ಲಿ ಅಡತಿ ಅಂಗಡಿಯ ಮುಂದೆ ರಾಶಿ ಬಿದ್ದಾಗ ಖರೀದಿದಾರ ಒಂದು ಹಿಡಿ ಕಾಳೆತ್ತಿ, ತೇವ ನೋಡಿ, ದರ ಹೇಳುತ್ತಾನೆ. ರೈತ, ಅಡತಿದಾರ, ಹಮಾಲ, ದಾಲ್ ಮಿಲ್ಲಿನವ, ಲಾರಿ ಚಾಲಕ ಎಲ್ಲರ ಕೈ ದಾಟಿಯೇ ಆ ಕಾಳು ಬೇಳೆಯಾಗುತ್ತದೆ. ಇವರಲ್ಲಿ ಲಿಂಗಾಯತರು, ಮಾರವಾಡಿಗಳು, ಮುಸ್ಲಿಮರು, ದಲಿತರು ಇದ್ದಾರೆ. ಕನ್ನಡದ ಜತೆ ದಖನಿ, ಹಿಂದಿ, ಮರಾಠಿಯೂ ಕೇಳುತ್ತವೆ. ಗುರಿ ಒಂದೇ, ಸಹಕಾರ ಅನಿವಾರ್ಯ, ಎಪಿಎಂಸಿ ಕಾಯ್ದೆಯ ಬೆಂಬಲವೂ ಉಂಟು. ಕೊರತೆ ಇರುವುದು ಮೊದಲ ಷರತ್ತಿನಲ್ಲೇ. ಗಾದಿಯ ಮೇಲಿನ ಸಾಹುಕಾರನೂ ಚೀಲ ಹೊರುವ ಹಮಾಲನೂ ವರ್ಷಗಟ್ಟಲೆ ಜತೆಗಿದ್ದರೂ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣದಿದ್ದರೆ ಅದು ಬರೀ ವ್ಯವಹಾರದ ಪರಿಚಯ.

ಪರಿಚಯಕ್ಕೂ ಗೆಳೆತನಕ್ಕೂ ಇರುವ ಈ ವ್ಯತ್ಯಾಸವನ್ನು ಮನಶ್ಶಾಸ್ತ್ರಜ್ಞ ಥಾಮಸ್ ಪೆಟಿಗ್ರೂ 1998ರಲ್ಲಿ ಎತ್ತಿ ತೋರಿಸಿದರು: ಒಡನಾಟ ಫಲ ಕೊಡಬೇಕಾದರೆ ಗೆಳೆತನ ಬೆಳೆಯಲು ಅವಕಾಶವಿರಬೇಕು. ಲಿಂಡಾ ಟ್ರಾಪ್ ಜತೆಗೂಡಿ ಅವರು 2006ರಲ್ಲಿ 515 ಅಧ್ಯಯನಗಳನ್ನು ಪರಿಶೀಲಿಸಿದಾಗ ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ಕಡಿಮೆಯಾಗುವುದು ಕಂಡುಬಂತು, ಆದರೆ ಪರಿಣಾಮ ಸಾಧಾರಣ. ತನ್ನವನೊಬ್ಬನಿಗೆ ಹೊರಗಿನ ಗೆಳೆಯನಿದ್ದಾನೆಂದು ತಿಳಿದರೂ ಮನಸ್ಸು ಮೆತ್ತಗಾಗುತ್ತದೆ ಎಂಬುದು 1997ರ ಮತ್ತೊಂದು ಶೋಧನೆ. ಬಿಗಿ ಸಂಬಂಧಗಳ ಊರುಗಳಲ್ಲಿ ಇದರ ಬೆಲೆ ದೊಡ್ಡದು.

ಬಂದೇ ನವಾಜ್ ದರ್ಗಾದ ಉರುಸು, ಶರಣಬಸವೇಶ್ವರ ಜಾತ್ರೆಗಳಿಗೆ ಹಿಂದೂಗಳೂ ಮುಸ್ಲಿಮರೂ ಬರುವುದನ್ನು ಕಲಬುರಗಿಯ ಸೌಹಾರ್ದಕ್ಕೆ ಸಾಕ್ಷಿಯಾಗಿ ಹೇಳುವುದುಂಟು. ಆ ಪರಂಪರೆ ಅಮೂಲ್ಯ. ಆದರೆ ವರ್ಷಕ್ಕೊಮ್ಮೆಯ ಭಕ್ತಿ ದಿನನಿತ್ಯದ ಸ್ನೇಹದ ಜಾಗ ತುಂಬಲಾರದು. ರಾಜಕೀಯ ಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯರು 2002ರ ತಮ್ಮ ಗ್ರಂಥದಲ್ಲಿ ಕೋಯಿಕ್ಕೋಡ್, ಅಲಿಗಢಗಳನ್ನು ಹೋಲಿಸಿ, ಹಿಂದೂ–ಮುಸ್ಲಿಮರು ಒಟ್ಟಾಗಿರುವ ಸಂಘಗಳು ಗಲಭೆ ತಡೆಯುವಲ್ಲಿ ನೆರೆಹೊರೆಯ ಬಳಕೆಗಿಂತ ಗಟ್ಟಿ ಎಂದರು. ಗಂಜಿಗೆ ಅತಿ ಹೆಚ್ಚು ಅನ್ವಯಿಸುವ ಮಾತಿದು.

ಒಡನಾಟದ ವಾದಕ್ಕೊಂದು ದೋಷವೂ ಇದೆ. ಮೇಲಿನವರೊಡನೆ ಸಲಿಗೆ ಬೆಳೆದಾಗ ಕೆಳಗಿನವರು ತಮಗಾಗುವ ಅನ್ಯಾಯವನ್ನೇ ಕಡಿಮೆ ಗುರುತಿಸುತ್ತಾರೆಂದು 2009ರ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಗಂಜಿನ ಸೌಹಾರ್ದವನ್ನು ಸಾಹುಕಾರನ ನಗುಮುಖದಿಂದ ಅಳೆಯಬಾರದು. ಹಮಾಲನ ಕೂಲಿ, ಸಂಘದಲ್ಲಿ ಅವನ ದನಿ, ಮನೆಯ ಪಂಕ್ತಿಯಲ್ಲಿ ಅವನ ಸ್ಥಾನ ಇವುಗಳಿಂದ ಅಳೆಯಬೇಕು.