ನೋಡುವುದರಲ್ಲಿ ಎಷ್ಟು ಬಗೆ: ಇಂಗ್ಲಿಷ್ ಕ್ರಿಯಾಪದಗಳ ರಸಿಕರಿಗೆ

ಇಂಗ್ಲಿಷ್ ಗದ್ಯದ ಸೊಗಸು ಬಹುಮಟ್ಟಿಗೆ ಕ್ರಿಯಾಪದದಲ್ಲಿದೆ. ಕನ್ನಡದಲ್ಲಿ ‘ನೋಡು’ ಎಂಬುದರ ಹಿಂದೆ ‘ದುರುಗುಟ್ಟಿ’, ‘ಎವೆಯಿಕ್ಕದೆ’, ‘ಪಿಳಿಪಿಳಿ’ ಎಂಬ ಮಾತು ಬಂದು ನೋಟದ ಬಗೆಯನ್ನು ಹೇಳುತ್ತದೆ. ಇಂಗ್ಲಿಷ್ ಆ ಬಗೆಯನ್ನು ಹೆಚ್ಚಾಗಿ ಕ್ರಿಯಾಪದದೊಳಗೇ ತುಂಬಿಡುತ್ತದೆ. ಅಲ್ಲಿ ಎಲ್ಲವನ್ನೂ ‘ನೋಡಿದ’ ಎಂದು ಓದಿಕೊಂಡು ಹೋದರೆ ಅರ್ಥ ಸಿಕ್ಕರೂ ರಸ ಸಿಗುವುದಿಲ್ಲ.

ಮೊದಲು ಗಮನಿಸಬೇಕಾದದ್ದು ಇಚ್ಛೆ. ‘ಸೀ’ ಎಂದರೆ ಕಣ್ಣಿಗೆ ಬೀಳುವುದು. ಕನ್ನಡದ ‘ಕಾಣು’ ಅದಕ್ಕೆ ಹತ್ತಿರ. ‘ಲುಕ್’ ಎಂದರೆ ಬೇಕೆಂದೇ ಕಣ್ಣು ಹಾಯಿಸುವುದು. ‘ವಾಚ್’ ಎಂದರೆ ನಡೆಯುತ್ತಿರುವುದನ್ನು ಗಮನವಿಟ್ಟು ನೋಡುತ್ತಿರುವುದು. ಕ್ರಿಕೆಟ್ ಪಂದ್ಯಕ್ಕೆ ‘ವಾಚ್’, ಗೋಡೆಯ ಮೇಲಿನ ಚಿತ್ರಕ್ಕೆ ‘ಲುಕ್’. ಕಿವಿಯ ವಿಷಯದಲ್ಲೂ ಹೀಗೆಯೇ: ‘ಹಿಯರ್’ ಎಂದರೆ ಕೇಳಿಸುವುದು, ‘ಲಿಸನ್’ ಎಂದರೆ ಕಿವಿಗೊಡುವುದು. ಕನ್ನಡಿಗರಿಗೆ ಈ ಭೇದ ಹೊಸತೇನಲ್ಲ.

ಮುಂದಿನದು ಭಾವ, ಮತ್ತು ನಿಜವಾದ ಸಂಪತ್ತು ಇರುವುದು ಇಲ್ಲಿಯೇ. ‘ಗ್ಲಾನ್ಸ್’ ಬೇಕೆಂದೇ ಬೀರಿದ ಚುಟುಕು ನೋಟ. ‘ಗ್ಲಿಂಪ್ಸ್’ ಕೂಡ ಕ್ಷಣದ್ದೇ, ಆದರೆ ಅದರಲ್ಲಿ ವಸ್ತು ಹೇಗೋ ಕಣ್ಣಿಗೆ ಸಿಕ್ಕಿ ಮರೆಯಾಗುತ್ತದೆ. ‘ಸ್ಟೇರ್’ ಮತ್ತು ‘ಗೇಜ್’ ಎರಡೂ ದೀರ್ಘ ನೋಟಗಳು. ಮೊದಲನೆಯದರಲ್ಲಿ ಬೆರಗು, ಭಯ, ಕೆಲವೊಮ್ಮೆ ಒರಟುತನ. ಎರಡನೆಯದರಲ್ಲಿ ಒಲವು, ಮೆಚ್ಚುಗೆ ಅಥವಾ ಮೈಮರೆವು. ಪ್ರೇಮಿಯ ‘ಗೇಜ್’ ಇದ್ದಲ್ಲಿ ಲೇಖಕ ‘ಸ್ಟೇರ್’ ಎಂದು ಬರೆದರೆ ಇಡೀ ಸನ್ನಿವೇಶವೇ ಕದಡುತ್ತದೆ. ‘ಗ್ಲೇರ್’ನಲ್ಲಿ ಸಿಟ್ಟಿದೆ. ‘ಪಿಯರ್’ನಲ್ಲಿ ಮಬ್ಬಿನಲ್ಲಿ ಕಣ್ಣು ಕಿರಿದುಮಾಡಿ ನೋಡುವ ಕಷ್ಟವಿದೆ.

ಕೆಲವು ಜೋಡಿಗಳ ಭೇದ ಭಾವದಲ್ಲಿಲ್ಲ, ಕರ್ಮಪದದಲ್ಲಿದೆ. ‘ಸ್ಟೀಲ್’ ಆಗುವುದು ಹಣ. ‘ರಾಬ್’ ಆಗುವುದು ಹಣ ಕಳೆದುಕೊಂಡ ಮನುಷ್ಯ ಅಥವಾ ಬ್ಯಾಂಕು. ‘ಟೆಲ್’ ಸಾಮಾನ್ಯವಾಗಿ ಕೇಳುವವರನ್ನು ಜೊತೆಗೇ ಹೆಸರಿಸುತ್ತದೆ, ‘ಸೇ’ಗೆ ಆಡಿದ ಮಾತಿದ್ದರೆ ಸಾಕು. ‘ರೆಫ್ಯೂಜ್’ ಮಾಡಿದವನು ಒಲ್ಲೆ ಎನ್ನುತ್ತಾನೆ. ‘ಡಿನೈ’ ಮಾಡಿದವನು ಅದು ನಿಜವಲ್ಲ ಎನ್ನುತ್ತಾನೆ. ಕನ್ನಡದ ‘ನಿರಾಕರಿಸು’ ಎರಡಕ್ಕೂ ಸಲ್ಲುವುದರಿಂದ ಇಲ್ಲಿ ಎಚ್ಚರ ಬೇಕು.

ಕೊನೆಯದು ಮಾತಿನ ಮಟ್ಟ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಫ್ರೆಂಚ್ ಪದಗಳು ನೆಲದ ಪದಗಳ ಜೊತೆ ನೆಲೆಯಾದವು. ಲ್ಯಾಟಿನ್ ಪಾಂಡಿತ್ಯದ ಪದಗಳನ್ನು ತಂದಿತು. ಮನೆಮಾತಿನ ‘ಬಿಗಿನ್’ ಎದುರು ಫ್ರೆಂಚ್‌ನಿಂದ ಬಂದ ‘ಕಮೆನ್ಸ್’ ಇಂದಿಗೂ ಸಭೆಯ ಗತ್ತಿನಲ್ಲಿದೆ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಥೆಸಾರಸ್ ಇಂಥ ಪದಗಳನ್ನು ಒಟ್ಟಿಗೆ ಕೂರಿಸುತ್ತದೆ, ಭೇದ ವಿವರಿಸುವುದಿಲ್ಲ. ಹೊಸಬರಿಗೆ ಅದಕ್ಕಿಂತ ಉದಾಹರಣೆ ವಾಕ್ಯಗಳಿರುವ ನಿಘಂಟು ಮೇಲು.