ಆಟಿಕೆ ವಿಮಾನದ ಲೆಕ್ಕ

ಕರಾವಳಿಯ ಚಳಿ ಅಂದ್ರೆ ಬೆಂಗಳೂರಿನವರು ನಗ್ತಾರೆ. ಆದರೂ ಡಿಸೆಂಬರ್ ಕೊನೆಯಲ್ಲಿ ಕೆಮ್ಮಣ್ಣಿನ ನಮ್ಮ ಮನೆಯಿಂದ ಅಪ್ಪ ಹೊರಡುವುದು ತಲೆಗೆ ಮಫ್ಲರ್ ಸುತ್ತಿಕೊಂಡೇ. ಅವರ ಕೈಯಲ್ಲಿ ಥರ್ಮಾಕೋಲ್ ವಿಮಾನ, ನನ್ನ ಕೈಯಲ್ಲಿ ರಿಮೋಟ್. ಬಿಸಿಲೇರಿ ಕಡಲ ಗಾಳಿ ಏಳುವ ಮೊದಲು, ಕೊಯ್ಲಾದ ಗದ್ದೆಯಲ್ಲಿ ಹಾರಿಸಿ ಮುಗಿಸಬೇಕು.

ಈ ಸಲ ಹಿಂದಿನ ರಾತ್ರಿ ಇಬ್ಬರೂ ‘ದಿ ಫ್ಲೈಟ್ ಆಫ್ ದಿ ಫೀನಿಕ್ಸ್’ ನೋಡಿದ್ವಿ. 1965ರದ್ದು, ರಾಬರ್ಟ್ ಆಲ್ಡ್ರಿಚ್ ನಿರ್ದೇಶನ. ಸಹಾರಾದಲ್ಲಿ ವಿಮಾನ ಬೀಳುತ್ತದೆ. ಮುರಿದ ಭಾಗಗಳಿಂದಲೇ ಹೊಸದು ಕಟ್ಟೋಣ ಅಂತಾನೆ ಡಾರ್ಫ್‌ಮನ್ ಅನ್ನೋ ಡಿಸೈನರ್. ಹಳೇ ಪೈಲಟ್ ಟೌನ್ಸ್‌ಗೆ ಅವನನ್ನು ಕಂಡರಾಗದು. ಕೆಲಸ ಮುಗಿಯುತ್ತಾ ಬಂದಾಗ ಗೊತ್ತಾಗುತ್ತದೆ, ಆಸಾಮಿ ವಿನ್ಯಾಸ ಮಾಡುತ್ತಿದ್ದದ್ದು ಮಾಡೆಲ್ ವಿಮಾನಗಳನ್ನು! ಕೇಳಿದವರ ಮುಖ ಬಿಳುಚಿಕೊಳ್ಳುತ್ತದೆ. ಡಾರ್ಫ್‌ಮನ್‌ಗೆ ಅದರಲ್ಲೇನು ತಪ್ಪು ಅಂತಲೇ ಅರ್ಥವಾಗಲ್ಲ. ಒಳಗೆ ಪೈಲಟ್ ಇಲ್ಲದ ಮಾಡೆಲ್ ತನ್ನನ್ನು ತಾನೇ ಸಂಭಾಳಿಸಿಕೊಳ್ಳಬೇಕಲ್ಲ ಅನ್ನೋದು ಅವನ ವಾದ.

ವಾದ ಸರಿ. ಆದರೆ ನನ್ನ ತಕರಾರು ಇಲ್ಲೇ. ಮಾಡೆಲ್ ವಿಮಾನಕ್ಕೆ ಇಷ್ಟು ಗೌರವ ಕೊಡುವ ಸಿನಿಮಾ ಒಂದನ್ನಾದರೂ ಹಾರಿಸಿ ತೋರಿಸುವುದಿಲ್ಲ. ಡಾರ್ಫ್‌ಮನ್ ಬರೀ ಲೆಕ್ಕವಾಗಿ ಉಳಿಯುತ್ತಾನೆ. ಅವನಿಗೆ ಮೊದಲ ವಿಮಾನ ಹಿಡಿದುಕೊಟ್ಟ ಕೈ ಯಾರದ್ದು?

ಉತ್ತರದ ಹತ್ತಿರ ಬರುವುದು ಒಂದೇ ದೃಶ್ಯ. ಎಂಜಿನ್ ಎಬ್ಬಿಸಲು ಇರುವುದು ಏಳೇ ಕಾರ್ಟ್ರಿಜ್. ನಾಲ್ಕು ವ್ಯರ್ಥವಾಗಿವೆ. ಟೌನ್ಸ್ ಇಗ್ನಿಶನ್ ಆಫ್ ಮಾಡಿ ಐದನೆಯದನ್ನು ಸಿಲಿಂಡರ್ ಶುಚಿ ಮಾಡಲೆಂದೇ ಸಿಡಿಸುತ್ತಾನೆ. ಡಾರ್ಫ್‌ಮನ್ ಬೊಬ್ಬೆ ಹಾಕುತ್ತಾನೆ. ಮುಂದಿನದಕ್ಕೆ ಎಂಜಿನ್ ಏಳುತ್ತದೆ. ಈ ಜೂಜು ತೆರೆಯ ಮೇಲಿನದ್ದು ಮಾತ್ರ ಅಲ್ಲ. ಚಿತ್ರಕ್ಕೆಂದು ಕಟ್ಟಿದ, ನಿಜವಾಗಿ ಹಾರುವ ವಿಮಾನವನ್ನು ಓಡಿಸುತ್ತಲೇ ಸ್ಟಂಟ್ ಪೈಲಟ್ ಪಾಲ್ ಮ್ಯಾಂಟ್ಜ್ 1965ರ ಜುಲೈ 8ರಂದು ತೀರಿಹೋದ.

ಬೆಳಿಗ್ಗೆ ಗದ್ದೆಯಲ್ಲಿ ನಾನೇ ಡಾರ್ಫ್‌ಮನ್. ಮೊಬೈಲ್ ನೋಡಿ “ಗಾಳಿ ಇಲ್ಲ” ಅಂದೆ. ಅಪ್ಪ ತೆಂಗಿನ ಮರ ನೋಡಿ, “ಗರಿ ಅಲ್ಲಾಡ್ತಾ ಉಂಟು, ನಿಲ್ಲು ಮಾರಾಯ್ತಿ” ಅಂದರು. ನಿಂತೆ. ಆಮೇಲೆ ಹಾರಿಸಿದೆವು.

ವಿಮಾನ ನಮ್ಮ ಕಡೆ ಮುಖ ಮಾಡಿದಾಗ ರಿಮೋಟಿನ ಎಡ-ಬಲ ಅದಲು ಬದಲಾದಂತಾಗುತ್ತದೆ. ಬಾಗಿದ ರೆಕ್ಕೆ ಯಾವ ಕಡೆಯೋ ಆ ಕಡೆಗೇ ಕಡ್ಡಿ ಒತ್ತು, ಊರುಗೋಲು ಕೊಟ್ಟ ಹಾಗೆ ಅಂತ ಅಪ್ಪ ಹೇಳಿಕೊಟ್ಟಾಗ ನಾನು ಏಳನೇ ಕ್ಲಾಸು. ಇಳಿಸುವಾಗ ಮಾತ್ರ ರಿಮೋಟ್ ಯಾವತ್ತೂ ಅವರದ್ದೇ.

“ಎಲ್ಲುಂಟು?” ಅಂತ ಕೇಳಿದರು. ಅವರು ನೋಡುತ್ತಿದ್ದದ್ದು ಬೇರೆಲ್ಲೋ.

“ತೂಗುಸೇತುವೆ ಕಡೆ, ಅಪ್ಪ.”

ಹೌದೌದು ಅಂತ ತಲೆಯಾಡಿಸಿದರು. ಕಾಣಿಸಿರಲಿಲ್ಲ. ಇಳಿಸುವ ಹೊತ್ತಿಗೆ ಕೈ ಚಾಚಲಿಲ್ಲ. ಕಿವಿ ಮೇಲಿನ ಮಫ್ಲರ್ ಸರಿಸಿ, “ಮೋಟರು ಜಾಸ್ತಿ ಆಯ್ತು, ಕಡಿಮೆ ಮಾಡು” ಅಂದರು.

ಕಡಿಮೆ ಮಾಡಿದೆ. ಒದ್ದೆ ಗದ್ದೆಯ ಮೇಲೆ ಜಾರಿ ನಿಂತಿತು.